ಸರಾಸರಿ ಒಂದೇ, ಊರು ಬೇರೆ: ಹಾಲಿನ ಸಂಘಗಳನ್ನು ಗುಂಪು ಮಾಡುವುದು ಹೇಗೆ?

ಪ್ರಶ್ನೆ: ನಾನು ಎಂಸಿಎ ಮುಗಿಸಿ ಬಾಗಲಕೋಟೆಯಲ್ಲಿ ಹಾಲು ಸಂಗ್ರಹಿಸುವ ಒಂದು ಸಂಸ್ಥೆಯಲ್ಲಿ ಲೆಕ್ಕ, ವರದಿ ನೋಡಿಕೊಳ್ಳುತ್ತಿದ್ದೇನೆ. 210 ಹಳ್ಳಿಗಳ ಸಂಘಗಳಿಂದ ನಮಗೆ ಹಾಲು ಬರುತ್ತದೆ. ಒಬ್ಬೊಬ್ಬ ರೈತರ ಲೆಕ್ಕ ನನ್ನ ಕೈಗೆ ಸಿಗುವುದಿಲ್ಲ. ಸಂಘವಾರು ತಿಂಗಳ ಶೀಟ್ ಮಾತ್ರ ಸಿಗುತ್ತದೆ. ಒಟ್ಟು ಲೀಟರ್, ಫ್ಯಾಟ್ (ಕೊಬ್ಬು) ಮತ್ತು ಕೊಬ್ಬು, ನೀರು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶವಾದ ಎಸ್‌ಎನ್‌ಎಫ್‌ನ ಸರಾಸರಿ, ಕನಿಷ್ಠ, ಗರಿಷ್ಠ, ಆಕಳ ಹಾಲು ಎಷ್ಟು, ಎಮ್ಮೆ ಹಾಲು ಎಷ್ಟು, ಎರಡೂ ಬೆರೆತದ್ದು ಎಷ್ಟು ಎಂಬ ಶೇಕಡಾವಾರು, ಮತ್ತು ಫ್ಯಾಟ್‌ನ ಯಾವ ವರ್ಗದಲ್ಲಿ ಎಷ್ಟು ಸದಸ್ಯರು ಎಂಬ ಎಣಿಕೆ ಅದರಲ್ಲಿರುತ್ತವೆ. ನಾನು ಸರಾಸರಿಗಳನ್ನು ಹಾಕಿ ಕೆ-ಮೀನ್ಸ್ (ಹತ್ತಿರದ ಅಂಕಿ ಇರುವವನ್ನು ಕೇಳಿದಷ್ಟು ಗುಂಪು ಮಾಡುವ ವಿಧಾನ) ಓಡಿಸಿದೆ. ನಾಲ್ಕು ಗುಂಪು ಬಂದವು. ಮುಧೋಳ ಕಡೆಯ ನೀರಾವರಿ ಊರುಗಳೂ ಬಾದಾಮಿ ಕಡೆಯ ಮಳೆ ನಂಬಿದ ಊರುಗಳೂ ಒಂದೇ ಗುಂಪಿನಲ್ಲಿವೆ. ಊರೂರು ತಿರುಗುವ ನಮ್ಮ ಸೂಪರ್‌ವೈಸರ್ ನೋಡಿ ನಕ್ಕುಬಿಟ್ಟರು. ಒಬ್ಬೊಬ್ಬರ ಡೇಟಾ ಇಲ್ಲದೆ ಕ್ಲಸ್ಟರಿಂಗ್, ಅಂದರೆ ಹೀಗೆ ಗುಂಪು ಮಾಡುವುದೇ ತಪ್ಪು ಎಂದು ಒಬ್ಬ ಗೆಳೆಯ ಹೇಳುತ್ತಾನೆ. ಡೀಪ್ ಲರ್ನಿಂಗ್ ಹಾಕು ಅಂತ ಇನ್ನೊಬ್ಬ. ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ನಾಲ್ಕನೇ ಗುಂಪಿನ ಸಂಘಗಳಲ್ಲಿ ಎಸ್‌ಎನ್‌ಎಫ್ ಕಡಿಮೆ. "ಇವರೇ ನೀರು ಬೆರೆಸುವವರು, ನೋಟಿಸ್ ಕೊಡೋಣ" ಅಂತ ಮೇಲಿನವರು ಹೇಳುತ್ತಿದ್ದಾರೆ. ಏನು ಮಾಡಲಿ ಸರ್?

ಉತ್ತರ: ನೋಟಿಸ್ ವಿಷಯಕ್ಕೆ ಅವಸರ ಇದೆ. ಹಾಗಾಗಿ ಮೊದಲು ಅದನ್ನೇ ನೋಡೋಣ. ನಿಮ್ಮ ನಾಲ್ಕನೇ ಗುಂಪು ಯಾರ ಮೇಲಿನ ಸಾಕ್ಷಿಯೂ ಅಲ್ಲ. ಇದನ್ನು ಮೇಲಿನವರಿಗೆ ಬರವಣಿಗೆಯಲ್ಲೇ ಕೊಡಿ.

ನೀರು ಬೆರೆಸಿದರೆ ಎಸ್‌ಎನ್‌ಎಫ್ ಇಳಿಯುತ್ತದೆ, ನಿಜ. ಆದರೆ ಎಸ್‌ಎನ್‌ಎಫ್ ಇಳಿದಲ್ಲೆಲ್ಲ ನೀರು ಬಿದ್ದಿದೆ ಎನ್ನುವಂತಿಲ್ಲ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಆಕಳುಗಳು ಹಾಲು ಜಾಸ್ತಿ ಕೊಡುತ್ತವೆ, ಆದರೆ ಆ ಹಾಲು ತೆಳು. ಬೇಸಿಗೆಯಲ್ಲಿ ಹಸಿ ಮೇವು ಮುಗಿದು ಬರೀ ಕಣಿಕೆ ಹಾಕಿದರೆ ಎಸ್‌ಎನ್‌ಎಫ್ ಬೀಳುತ್ತದೆ. ಕೆಚ್ಚಲು ಬಾವು ಬಂದರೂ ಬೀಳುತ್ತದೆ. ಇನ್ನೊಂದು ಕಾರಣ ಯಂತ್ರ. ಇಂಥ ಡೇಟಾ ನೋಡುವಾಗ ನಾನು ಮೊದಲು ಕೇಳುವ ಪ್ರಶ್ನೆಯೇ, "ಆ ಸಂಘಗಳ ಹಾಲು ಪರೀಕ್ಷೆ ಯಂತ್ರ ಯಾವುದು, ಕ್ಯಾಲಿಬ್ರೇಶನ್ (ಅಳತೆ ಸರಿಹೊಂದಿಸುವುದು) ಕೊನೆಗೆ ಯಾವಾಗ ಆಯಿತು?" ಎಂದು. ಎಷ್ಟೋ ಸಲ ಗುಂಪಿನ ಗಡಿ ಆಕಳು, ಮೇವಿಗೆ ಹೊಂದುವುದಿಲ್ಲ, ಯಂತ್ರದ ಮಾಡೆಲ್‌ಗೆ ಹೊಂದುತ್ತದೆ.

ಹೋಗಲಿ, ಆ ಊರಿನಲ್ಲಿ ನಿಜಕ್ಕೂ ಯಾರೋ ನೀರು ಬೆರೆಸುತ್ತಿದ್ದಾರೆ ಎಂದೇ ಇಟ್ಟುಕೊಳ್ಳೋಣ. ಆದರೂ ಸಂಘದ ಅಂಕಿಯಿಂದ ರೈತನ ಮೇಲೆ ಬೆರಳು ತೋರಿಸಲು ಬರುವುದಿಲ್ಲ. ಒಟ್ಟು ಮಾಡಿದ ಲೆಕ್ಕದ ಹಳೇ ಬಲೆ ಇದು. 1950ರಲ್ಲಿ ಸಮಾಜಶಾಸ್ತ್ರಜ್ಞ ರಾಬಿನ್‌ಸನ್ ಅಮೆರಿಕದ 1930ರ ಜನಗಣತಿ ಹಿಡಿದು ಇದನ್ನು ತೋರಿಸಿದರು. ರಾಜ್ಯವಾರು ನೋಡಿದರೆ, ಹೊರದೇಶದಲ್ಲಿ ಹುಟ್ಟಿದವರು ಜಾಸ್ತಿ ಇದ್ದ ಕಡೆ ಅನಕ್ಷರತೆ ಕಡಿಮೆ ಇತ್ತು. ವ್ಯಕ್ತಿವಾರು ನೋಡಿದರೆ ಲೆಕ್ಕ ಉಲ್ಟಾ: ಹೊರಗಿನಿಂದ ಬಂದವರಲ್ಲೇ ಅನಕ್ಷರತೆ ಸ್ವಲ್ಪ ಜಾಸ್ತಿ. ಬಂದವರು ಮೊದಲೇ ಅಕ್ಷರಸ್ಥರು ಹೆಚ್ಚಿದ್ದ ರಾಜ್ಯಗಳಲ್ಲಿ ನೆಲೆಸಿದ್ದರು, ಅಷ್ಟೇ. ಸಂಘ ಮತ್ತು ರೈತರ ನಡುವೆಯೂ ಹೀಗೇ ಆಗಬಹುದು. ನೀರಿನ ಅನುಮಾನ ಇದ್ದರೆ ದಾರಿ ಬೇರೆ: ಸದಸ್ಯವಾರು ಸ್ಯಾಂಪಲ್ ತೆಗೆದು ಫ್ರೀಜಿಂಗ್ ಪಾಯಿಂಟ್ ಪರೀಕ್ಷೆ ಮಾಡಿಸಬೇಕು. ಹಾಲು ಸುಮಾರು ಮೈನಸ್ 0.54 ಡಿಗ್ರಿಯಲ್ಲಿ ಮಂಜುಗಡ್ಡೆಯಾಗುತ್ತದೆ. ನೀರು ಬೆರೆತಷ್ಟೂ ಆ ಅಂಕಿ ಸೊನ್ನೆ ಕಡೆ ಸರಿಯುತ್ತದೆ. ಎಲ್ಲಿ ಮೊದಲು ಸ್ಯಾಂಪಲ್ ತೆಗೆಯಬೇಕು ಎಂದು ನಿಮ್ಮ ಗುಂಪು ಹೇಳಬಲ್ಲದು. ಅದರಾಚೆಗೆ ಅದಕ್ಕೆ ಬಾಯಿಲ್ಲ.

ಈಗ ವಿಧಾನಕ್ಕೆ ಬರೋಣ.

ನಿಮ್ಮ ಮೊದಲನೇ ಗೆಳೆಯನ ಮಾತು ಅರ್ಧ ನಿಜ. ರೈತರನ್ನು ಗುಂಪು ಮಾಡಬೇಕಿದ್ದರೆ ರೈತರ ಡೇಟಾ ಬೇಕು. ಆದರೆ ನೀವು ಗುಂಪು ಮಾಡುತ್ತಿರುವುದು ಸಂಘಗಳನ್ನು. ಯಾವ ಊರಿಗೆ ಪಶು ವೈದ್ಯರ ಕ್ಯಾಂಪ್, ಯಾವ ಊರಿಗೆ ಮಿನರಲ್ ಮಿಕ್ಸ್, ಎಲ್ಲಿ ಮೇವಿನ ಬೀಜ ಎಂದು ತೀರ್ಮಾನ ಆಗುವುದು ಸಂಘದ ಮಟ್ಟದಲ್ಲೇ ಅಲ್ವಾ? ಹಾಗಿದ್ದ ಮೇಲೆ ಸಂಘವೇ ನಿಮ್ಮ ಘಟಕ. ಒಟ್ಟು ಮಾಡಿದ ಡೇಟಾದ ಮೇಲೆ ಕ್ಲಸ್ಟರಿಂಗ್ ಮಾಡುವುದು ಡೇಟಾ ಮೈನಿಂಗ್‌ನಲ್ಲಿ ಕದ್ದುಮುಚ್ಚಿ ಮಾಡುವ ಕೆಲಸವೇನಲ್ಲ. 1996ರಲ್ಲಿ ಬಂದ ಬರ್ಚ್ ಎಂಬ ವಿಧಾನ ನಿಂತಿರುವುದೇ ಇದರ ಮೇಲೆ. ಅದು ಲಕ್ಷಗಟ್ಟಲೆ ಸಾಲುಗಳನ್ನು ಇಟ್ಟುಕೊಳ್ಳದೆ, ಪ್ರತಿ ಪುಟ್ಟ ಗುಂಪಿಗೆ ಮೂರೇ ಸಂಗತಿ ಇಟ್ಟುಕೊಳ್ಳುತ್ತದೆ: ಎಣಿಕೆ, ಮೊತ್ತ, ಅಂಕಿಗಳ ವರ್ಗಗಳ (ಸ್ಕ್ವೇರ್‌ಗಳ) ಮೊತ್ತ. ಎರಡು ಗುಂಪು ಸೇರಿದರೆ ಮೂರನ್ನೂ ಕೂಡಿಸಿದರಾಯಿತು. ಸರಾಸರಿಯೂ ಸಿಗುತ್ತದೆ, ಹರಡಿಕೆಯೂ ಸಿಗುತ್ತದೆ.

ಆದ್ದರಿಂದ ಒಟ್ಟು ಮಾಡಿದ್ದರಲ್ಲಿ ದೋಷವಿಲ್ಲ. ಒಟ್ಟು ಮಾಡುವಾಗ ಏನನ್ನು ಎಸೆದರು, ಏನನ್ನು ಉಳಿಸಿದರು ಎಂಬುದರಲ್ಲಿದೆ ವಿಷಯ. ನಿಮ್ಮ ಶೀಟ್‌ನಲ್ಲಿ ಹರಡಿಕೆ ಉಳಿದಿತ್ತು. ನೀವು ಸರಾಸರಿ ಮಾತ್ರ ತೆಗೆದುಕೊಂಡು ಅದನ್ನು ಹೊರಗೆ ಬಿಟ್ಟಿರಿ. ಸೂಪರ್‌ವೈಸರ್ ನಕ್ಕಿದ್ದಕ್ಕೆ ಕಾರಣ ಬಹುಶಃ ಇದೇ.

ಮೂರು ಊರು ತೆಗೆದುಕೊಳ್ಳಿ. ಮೂರರಲ್ಲೂ 62 ಸದಸ್ಯರು. ಅಂಕಿಗಳು ಲೆಕ್ಕ ಸುಲಭವಾಗಲಿ ಎಂದು ನಾನು ಮಾಡಿಕೊಂಡವು.

ಮೊದಲನೇ ಊರಲ್ಲಿ 31 ಜನ ಆಕಳ ಹಾಲು ಹಾಕುತ್ತಾರೆ, ಫ್ಯಾಟ್ 3.8. ಉಳಿದ 31 ಜನರದು ಎಮ್ಮೆ ಹಾಲು, ಫ್ಯಾಟ್ 6.8. ಸರಾಸರಿ 5.3. ಆದರೆ ಆ ಊರಲ್ಲಿ 5.3 ಫ್ಯಾಟಿನ ಹಾಲು ಒಬ್ಬರ ಕ್ಯಾನ್‌ನಲ್ಲೂ ಇಲ್ಲ.

ಎರಡನೇ ಊರಲ್ಲಿ ಎಲ್ಲರೂ ಆಕಳು, ಎಮ್ಮೆ ಎರಡನ್ನೂ ಕಟ್ಟಿದ್ದಾರೆ. ಎರಡರ ಹಾಲನ್ನೂ ಒಂದೇ ಕ್ಯಾನಿಗೆ ಸುರಿದು ತರುತ್ತಾರೆ. 62 ಜನರದೂ 5.3.

ಮೂರನೇ ಊರು ಎರಡನೇ ಊರಿನ ಥರವೇ. 60 ಜನರದು 5.3. ಒಬ್ಬರದು ಮಾತ್ರ 3.4, ಇನ್ನೊಬ್ಬರದು 7.4. ಇಲ್ಲೂ ಸರಾಸರಿ 5.3.

ಸರಾಸರಿ ನೋಡಿದರೆ ಮೂರೂ ಊರು ಒಂದೇ. ಕೆ-ಮೀನ್ಸ್ ಕಣ್ಣುಮುಚ್ಚಿ ಮೂರನ್ನೂ ಒಂದು ಗುಂಪಿಗೆ ಹಾಕುತ್ತದೆ. ನಿಮಗೆ ಆದದ್ದು ಇದು.

ಸರಿ, ಕನಿಷ್ಠ-ಗರಿಷ್ಠ ತೆಗೆದುಕೊಳ್ಳೋಣ. ಮೊದಲನೇ ಊರು 3.8ರಿಂದ 6.8. ಎರಡನೆಯದು 5.3ರಿಂದ 5.3. ಮೂರನೆಯದು 3.4ರಿಂದ 7.4. ಎರಡು ವ್ಯಾಪ್ತಿಗಳ ಮಧ್ಯೆ ಹೌಸ್‌ಡಾರ್ಫ್ ದೂರ ಅಂತ ಒಂದಿದೆ. ಕೆಳ ತುದಿಗಳ ವ್ಯತ್ಯಾಸ, ಮೇಲ್ತುದಿಗಳ ವ್ಯತ್ಯಾಸ, ಇವೆರಡರಲ್ಲಿ ದೊಡ್ಡದು ಯಾವುದೋ ಅದೇ ದೂರ. ಒಂದು ಮತ್ತು ಮೂರನೇ ಊರಿಗೆ 0.6. ಎರಡು ಮತ್ತು ಮೂರಕ್ಕೆ 2.1. ಅಂದರೆ ಈ ಲೆಕ್ಕದಲ್ಲಿ ಒಂದನೇ ಊರು, ಮೂರನೇ ಊರು ಅಣ್ಣ-ತಮ್ಮ. ಇಬ್ಬರೇ ಇಬ್ಬರು ಸದಸ್ಯರು ಇಡೀ ಊರಿನ ಗುಂಪು ಬದಲಿಸಿಬಿಟ್ಟರು!

ಈಗ ಹಿಸ್ಟೊಗ್ರಾಮ್ ಹಿಡಿಯೋಣ, ಅಂದರೆ ಯಾವ ವರ್ಗದಲ್ಲಿ ಎಷ್ಟು ಸದಸ್ಯರು ಎಂಬ ಎಣಿಕೆಯ ಚಿತ್ರ. ಇಲ್ಲಿ ವಾಸರ್‌ಸ್ಟೈನ್ ದೂರ ಬಳಸುತ್ತಾರೆ. ಒಂದು ಊರಿನ ಹಿಸ್ಟೊಗ್ರಾಮ್ ಅನ್ನು ಮಣ್ಣಿನ ಗುಡ್ಡೆ ಅಂದುಕೊಳ್ಳಿ. ಅದನ್ನು ಸರಿಸಿ ಇನ್ನೊಂದು ಊರಿನ ಗುಡ್ಡೆಯ ಆಕಾರಕ್ಕೆ ತರಲು ಎಷ್ಟು ಮಣ್ಣನ್ನು ಎಷ್ಟು ದೂರ ಹೊರಬೇಕು? ಅದೇ ಆ ಊರುಗಳ ನಡುವಿನ ದೂರ. ಎರಡನೇ ಮತ್ತು ಮೂರನೇ ಊರಿಗೆ ಬರೀ 0.06. ಇಬ್ಬರನ್ನು ಸರಿಸಿದರೆ ಕೆಲಸ ಮುಗಿಯಿತು. ಒಂದು ಮತ್ತು ಮೂರಕ್ಕೆ ಸುಮಾರು 1.47. ಒಂದು ಮತ್ತು ಎರಡಕ್ಕೆ 1.5. ಊರು ಬಲ್ಲವರು ಹೇಳುವುದೂ ಇದನ್ನೇ: ಮೊದಲನೇ ಊರು ಬೇರೆ, ಉಳಿದೆರಡು ಒಂದೇ.

ಅದೇ ಊರು, ಅದೇ ಹಾಲು. ದೂರ ಅಳೆಯುವ ರೀತಿ ಬದಲಾದಾಗ ಗುಂಪು ಬದಲಾಯಿತು. ಯಾವ ಅಲ್ಗಾರಿದಮ್ ಎಂದು ಜನ ಜಗಳ ಆಡುತ್ತಾರೆ. ನನ್ನ ಅನುಭವದಲ್ಲಿ ಮುಕ್ಕಾಲು ತೀರ್ಮಾನ ದೂರದಲ್ಲೇ ಆಗಿರುತ್ತದೆ. ಕೆ-ಮೀನ್ಸೋ ಇನ್ನೊಂದೋ ಎಂಬುದು ಆಮೇಲಿನ ಮಾತು.

ಇದಕ್ಕೆಲ್ಲ ಒಂದು ಶಾಸ್ತ್ರವೇ ಇದೆ, ಸಿಂಬಾಲಿಕ್ ಡೇಟಾ ಅನಾಲಿಸಿಸ್ ಅಂತ. 1980ರ ದಶಕದ ಕೊನೆಯಲ್ಲಿ ಪ್ಯಾರಿಸ್‌ನ ಎಡ್ವಿನ್ ದಿದೇ ಇದನ್ನು ಶುರು ಮಾಡಿದರು. ಟೇಬಲ್‌ನ ಒಂದು ಮನೆಯಲ್ಲಿ ಒಂದೇ ಅಂಕಿ ಇರಬೇಕೆಂದಿಲ್ಲ, ಒಂದು ವ್ಯಾಪ್ತಿ ಇರಬಹುದು, ಒಂದು ಪಟ್ಟಿ ಇರಬಹುದು, ಇಡೀ ಹಿಸ್ಟೊಗ್ರಾಮ್ ಇರಬಹುದು ಎಂಬುದು ಇದರ ಮೂಲ ವಿಚಾರ. ಇದರಲ್ಲಿ ನಮ್ಮವರ ಪಾಲೂ ಇದೆ ಎಂದು ಬಹಳ ಜನರಿಗೆ ಗೊತ್ತಿಲ್ಲ. ಇಂಥ ಡೇಟಾವನ್ನು ಕ್ಲಸ್ಟರ್ ಮಾಡುವ ಬಗ್ಗೆ 1991ರಲ್ಲಿ ಬಂದ, ಇಂದಿಗೂ ಎಲ್ಲರೂ ಉಲ್ಲೇಖಿಸುವ ಪ್ರಬಂಧವನ್ನು ದಿದೇ ಜೊತೆ ಬರೆದವರು ಮೈಸೂರಿನ ಕೆ. ಚಿದಾನಂದ ಗೌಡರು. ಆಮೇಲೆ ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾದವರು, ಕನ್ನಡ ತಂತ್ರಾಂಶದ ಕೆಲಸದಲ್ಲೂ ಹೆಸರಾದವರು, ಅವರೇ. ಅವರ ಅಳತೆ ಎರಡು ವ್ಯಾಪ್ತಿಗಳ ಬಗ್ಗೆ ಮೂರು ಪ್ರಶ್ನೆ ಕೇಳುತ್ತದೆ. ಎಲ್ಲಿ ಕೂತಿವೆ? ಎಷ್ಟು ಅಗಲ? ಒಂದರ ಮೇಲೊಂದು ಎಷ್ಟು ಬಿದ್ದಿವೆ? ಮೂರಕ್ಕೂ ಅಂಕಿ ಕೊಟ್ಟು ಕೂಡಿಸುತ್ತದೆ. ಫ್ಯಾಟ್‌ನಂಥ ಅಂಕಿಗೂ, ಮೇವಿನ ಬಗೆಯಂಥ ಪಟ್ಟಿಗೂ ಅದು ನಡೆಯುತ್ತದೆ ಎಂಬುದು ಅದರ ದೊಡ್ಡ ಅನುಕೂಲ.

ನಿಮ್ಮ ಮುಂದೆ ಏನೇನು ದಾರಿ ಇವೆ ಅಂದರೆ, ಎಲ್ಲಕ್ಕಿಂತ ಸುಲಭದ್ದು ಸರಾಸರಿಯ ಪಕ್ಕ ಹರಡಿಕೆಯ ಒಂದು ಕಾಲಂ ಸೇರಿಸಿ ಅದೇ ಕೆ-ಮೀನ್ಸ್ ಓಡಿಸುವುದು. ಹತ್ತು ನಿಮಿಷದ ಕೆಲಸ. ಈಗಿರುವುದಕ್ಕಿಂತ ಖಂಡಿತ ಚೆನ್ನಾಗಿರುತ್ತದೆ. ಆದರೆ ಎರಡು ಗುಡ್ಡೆ ಇರುವ ಊರಿಗೂ, ಒಂದೇ ಅಗಲ ಗುಡ್ಡೆ ಇರುವ ಊರಿಗೂ ಅದು ವ್ಯತ್ಯಾಸ ಕಾಣುವುದಿಲ್ಲ.

ಕನಿಷ್ಠ-ಗರಿಷ್ಠದ ದಾರಿ ಹಿಡಿದರೆ ಗೌಡ-ದಿದೇ ಅಳತೆಯನ್ನೋ ಹೌಸ್‌ಡಾರ್ಫ್ ಅನ್ನೋ ಬಳಸಿ ಹೈರಾರ್ಕಿಕಲ್ ಕ್ಲಸ್ಟರಿಂಗ್ (ಹತ್ತಿರದವನ್ನು ಒಂದೊಂದಾಗಿ ಸೇರಿಸುತ್ತ ಹೋಗುವುದು) ಮಾಡಬಹುದು. ಮೂರನೇ ಊರಿನ ಗತಿ ನೋಡಿದಿರಲ್ಲ, ಅದೇ ಇದರ ಅಪಾಯ. ಸಾಧ್ಯವಾದರೆ ಕನಿಷ್ಠದ ಬದಲು ಕೆಳಗಿನ ಶೇಕಡಾ 10ರ ಗಡಿ, ಗರಿಷ್ಠದ ಬದಲು ಮೇಲಿನ ಶೇಕಡಾ 10ರ ಗಡಿ ತೆಗೆದುಕೊಳ್ಳಿ. ಇಲ್ಲೊಂದು ಸಣ್ಣ ಮುಳ್ಳಿದೆ. ಸ್ಕೇಲ್ ಮಾಡುವಾಗ (ಎಲ್ಲ ಕಾಲಂಗಳನ್ನೂ ಒಂದೇ ಅಳತೆಗೆ ತರುವಾಗ) ಎರಡೂ ತುದಿಗಳನ್ನು ಬೇರೆಬೇರೆ ಕಾಲಂ ಅಂದುಕೊಂಡು ಸ್ಟ್ಯಾಂಡರ್ಡೈಸ್ ಮಾಡಬೇಡಿ. ಹಾಗೆ ಮಾಡಿದರೆ ಕೆಲವು ಊರಿನಲ್ಲಿ ಕನಿಷ್ಠವೇ ಗರಿಷ್ಠಕ್ಕಿಂತ ದೊಡ್ಡದಾಗಿ ಕೂರುತ್ತದೆ. ಎರಡೂ ತುದಿಗಳಿಂದ ಒಂದೇ ಅಂಕಿ ಕಳೆಯಿರಿ, ಎರಡನ್ನೂ ಒಂದೇ ಅಂಕಿಯಿಂದ ಭಾಗಿಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹಿಸ್ಟೊಗ್ರಾಮ್ ದಾರಿ ಹಿಡಿಯುತ್ತಿದ್ದೆ. ವರ್ಗವಾರು ಎಣಿಕೆ ಶೀಟ್‌ನಲ್ಲೇ ಇದೆಯಲ್ಲ. "6.5ಕ್ಕಿಂತ ಜಾಸ್ತಿ" ಎಂಬ ಕೊನೇ ವರ್ಗಕ್ಕೆ ಮೇಲಿನ ಗಡಿ ಇರುವುದಿಲ್ಲ. ಅದಕ್ಕೆ ಆ ಸಂಘದ ಗರಿಷ್ಠವನ್ನೇ ಗಡಿ ಮಾಡಿ. ಕೆಳಗಿನ ತುದಿಗೆ ಕನಿಷ್ಠ. ಆಮೇಲೆ ಪ್ರತಿ ಸಂಘಕ್ಕೂ ಹತ್ತು ಅಂಕಿ ಲೆಕ್ಕ ಹಾಕಿ: ಶೇಕಡಾ 5, 15, 25, ಹೀಗೆ 95ರವರೆಗೆ, ಅಷ್ಟು ಸದಸ್ಯರು ಯಾವ ಫ್ಯಾಟ್‌ಗಿಂತ ಕೆಳಗಿದ್ದಾರೆ ಎಂದು. ಈ ಹತ್ತು ಕಾಲಂಗಳ ಮೇಲೆ ಮಾಮೂಲಿ ಯೂಕ್ಲಿಡ್ ದೂರ (ವ್ಯತ್ಯಾಸಗಳ ಸ್ಕ್ವೇರ್ ಕೂಡಿಸಿ ವರ್ಗಮೂಲ ತೆಗೆದದ್ದು) ಹಾಕಿದರೆ ಅದು ಹೆಚ್ಚುಕಡಿಮೆ ವಾಸರ್‌ಸ್ಟೈನ್‌ನ ವರ್ಗ (ಸ್ಕ್ವೇರ್) ರೂಪವೇ ಆಗುತ್ತದೆ. ಅಂದರೆ ನೀವು ಬಿಟ್ಟುಬಿಡಬೇಕು ಅಂದುಕೊಂಡಿದ್ದ ಕೆ-ಮೀನ್ಸ್ ಅನ್ನೇ ಇಲ್ಲಿ ಧಾರಾಳವಾಗಿ ಬಳಸಬಹುದು. ಗುಂಪಿನ ಮಧ್ಯಬಿಂದುವೂ ಒಂದು ಸರಿಯಾದ ಹಿಸ್ಟೊಗ್ರಾಮ್ ಆಗಿಯೇ ಬರುತ್ತದೆ. "ಈ ಗುಂಪಿನ ಊರು ಹೀಗಿರುತ್ತದೆ" ಎಂದು ಸೂಪರ್‌ವೈಸರ್‌ಗೆ ಚಿತ್ರ ಬರೆದು ತೋರಿಸಬಹುದು. ಫ್ಯಾಟ್ ಹತ್ತು ಕಾಲಂ ಆದಾಗ ಒಂದೇ ಕಾಲಂನ ಲೀಟರ್ ಮೂಲೆಗೆ ಬೀಳುತ್ತದೆ. ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತನ್ನಿ. ಆಮೇಲೆ ಆ ಹತ್ತನ್ನೂ 10ರ ವರ್ಗಮೂಲದಿಂದ ಭಾಗಿಸಿ.

ಇದರ ಅಪಾಯ ಏನು? ವರ್ಗಗಳು ಅಗಲವಾಗಿದ್ದರೆ ಒಳಗಿನ ವಿವರ ಊಹೆಯದ್ದಾಗುತ್ತದೆ. ಹದಿನೈದು ಜನರ ಸಂಘಕ್ಕೆ ಹಿಸ್ಟೊಗ್ರಾಮ್ ಅಂದರೆ ಸುಮ್ನೆ ಹೆಸರಿಗೆ. ಚಿಕ್ಕ ಸಂಘಗಳ ಅಂಕಿ ತಿಂಗಳಿಂದ ತಿಂಗಳಿಗೆ ತೂಗಾಡುತ್ತದೆ. ಹಾಗಾಗಿ ಎಲ್ಲ ವಿಚಿತ್ರ ಗುಂಪುಗಳಲ್ಲೂ ಅವೇ ತುಂಬಿಕೊಳ್ಳುತ್ತವೆ. ನಿಮ್ಮ ನಾಲ್ಕನೇ ಗುಂಪಿನಲ್ಲಿ ಚಿಕ್ಕ ಸಂಘಗಳೇ ಜಾಸ್ತಿ ಇವೆಯಾ, ಒಮ್ಮೆ ಎಣಿಸಿ ನೋಡಿ.

ಆಕಳು, ಎಮ್ಮೆ, ಮಿಶ್ರ ಹಾಲಿನ ಶೇಕಡಾವಾರು ಕಾಲಂಗಳು ಕೂಡಿದರೆ ಯಾವಾಗಲೂ 100. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಅವನ್ನು ಬಿಡಿ ಕಾಲಂ ಅಂತ ಹಾಕಿದರೆ ಒಂದೇ ವಿಷಯಕ್ಕೆ ಎರಡೆರಡು ಸಲ ತೂಕ ಕೊಟ್ಟಂತೆ. ಏಚಿಸನ್ ಎಂಬ ಸಂಖ್ಯಾಶಾಸ್ತ್ರಜ್ಞ 1982ರಲ್ಲಿ ಶೇಕಡಾವಾರುಗಳ ಬದಲು ಅವುಗಳ ಅನುಪಾತದ ಲಾಗ್ (ಲಾಗರಿದಮ್) ತೆಗೆದುಕೊಳ್ಳುವ ದಾರಿ ತೋರಿಸಿದ್ದಾರೆ. ಎಮ್ಮೆಯೇ ಇಲ್ಲದ ಊರಿನ ಸೊನ್ನೆಗೆ ಲಾಗ್ ಇಲ್ಲ ಎಂಬ ತಲೆನೋವು ಅಲ್ಲಿದೆ. ಸದ್ಯಕ್ಕೆ ಈ ಕಾಲಂಗಳನ್ನು ಕ್ಲಸ್ಟರಿಂಗ್‌ನಿಂದ ಹೊರಗಿಡಿ. ಗುಂಪು ಬಂದ ಮೇಲೆ ಅವಕ್ಕೆ ಅರ್ಥ ಹೇಳಲು ಬಳಸಿ.

ಸರಾಸರಿಯನ್ನು ಹೇಗೆ ಹಾಕಿದ್ದಾರೆ ಎಂದೂ ಕೇಳಿ. ಬೆಳಿಗ್ಗೆ 300 ಲೀಟರ್, ಫ್ಯಾಟ್ 5.0. ಸಂಜೆ 100 ಲೀಟರ್, ಫ್ಯಾಟ್ 6.0. ಎರಡರ ಸರಾಸರಿ 5.5 ಎಂದು ಬರೆದಿದ್ದರೆ ತಪ್ಪು, ಲೀಟರ್ ತೂಕ ಕೊಟ್ಟರೆ 5.25. ಎಲ್ಲ ಸಂಘಗಳೂ ಒಂದೇ ರೀತಿ ಹಾಕುತ್ತಿದ್ದರೆ ಅಷ್ಟು ಕೆಡುಕಿಲ್ಲ. ಅರ್ಧ ಸಂಘ ಹೀಗೆ, ಅರ್ಧ ಹಾಗೆ ಹಾಕಿದ್ದರೆ ನಿಮ್ಮ ಕ್ಲಸ್ಟರಿಂಗ್ ಲೆಕ್ಕ ಬರೆಯುವ ಕಾರ್ಯದರ್ಶಿಗಳನ್ನು ಗುಂಪು ಮಾಡುತ್ತದೆ, ಊರುಗಳನ್ನಲ್ಲ.

ಗುಂಪು ಎಷ್ಟು ಬೇಕು ಎಂದು ನೀವು ಕೇಳಿಲ್ಲ. ಆದರೆ ನಾಲ್ಕು ಎಲ್ಲಿಂದ ಬಂತು? ಕೆ-ಮೀನ್ಸ್‌ಗೆ ನಾಲ್ಕು ಕೇಳಿದರೆ ನಾಲ್ಕು ಕೊಡುತ್ತದೆ, ಏಳು ಕೇಳಿದರೆ ಏಳು. ಗುಂಪೇ ಇಲ್ಲದ ಡೇಟಾದಲ್ಲೂ ಕೊಡುತ್ತದೆ. ರೌಸಿಯು 1987ರಲ್ಲಿ ಕೊಟ್ಟ ಸಿಲೂಎಟ್ ಅಂಕಿಯನ್ನು (ಊರು ಪಕ್ಕದ ಗುಂಪಿಗಿಂತ ತನ್ನ ಗುಂಪಿಗೆ ಎಷ್ಟು ಹತ್ತಿರ ಎಂಬುದು) ಒಮ್ಮೆ ನೋಡಿ. ನನಗೆ ಅದಕ್ಕಿಂತ ನಂಬಿಕೆ ಇರುವ ಪರೀಕ್ಷೆ ತಿಂಗಳ ಪರೀಕ್ಷೆ. ಅಕ್ಟೋಬರ್ ಶೀಟ್‌ನಿಂದ ಗುಂಪು ಮಾಡಿ, ನವೆಂಬರ್ ಶೀಟ್‌ನಿಂದ ಬೇರೆಯಾಗಿ ಮಾಡಿ. ಜೊತೆಗಿದ್ದ ಊರುಗಳು ಜೊತೆಗೇ ಉಳಿದವಾ? ಅರ್ಧಕ್ಕರ್ಧ ಚದುರಿದ್ದರೆ ಗುಂಪಿನ ಸಂಖ್ಯೆ ಕಡಿಮೆ ಮಾಡಿ. ಆದರೆ ನವೆಂಬರ್ ಮತ್ತು ಮೇ ತಿಂಗಳನ್ನು ಹೀಗೆ ಹೋಲಿಸಬೇಡಿ. ಕಬ್ಬು ಕಡಿಯುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ದನಗಳಿಗೆ ಹಸಿ ಸೋಗೆ ಬೇಕಾದಷ್ಟು ಸಿಗುತ್ತದೆ. ಬೇಸಿಗೆ ಹೊತ್ತಿಗೆ ಆ ಮೇವೇ ಬೇರೆ, ಹಾಲೇ ಬೇರೆ. ಅಲ್ಲಿ ಗುಂಪು ಬದಲಾದರೆ ಅದು ವಿಧಾನದ ದೋಷವಲ್ಲ, ನಿಮಗೆ ಸಿಕ್ಕ ಮಾಹಿತಿ.

ಡೀಪ್ ಲರ್ನಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 210 ಸಾಲಿನ ಡೇಟಾಗೆ ಅದು ಬೇಡ. ಸಂಘಗಳ ಜೋಡಿ ಲೆಕ್ಕ ಹಾಕಿದರೆ 21,945 ದೂರಗಳು. ಸಾಮಾನ್ಯ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ.

ಪೈಥಾನ್ ಬಳಸುವುದಾದರೆ ಅದರ ಸೈಪೈ ಲೈಬ್ರರಿಯಲ್ಲಿ ವಾಸರ್‌ಸ್ಟೈನ್ ದೂರದ ಫಂಕ್ಷನ್ ಇದೆ. ದೂರದ ಟೇಬಲ್ ನೀವೇ ಮಾಡಿ ಇನ್ನೊಂದು ಲೈಬ್ರರಿಯಾದ ಸೈಕಿಟ್-ಲರ್ನ್‌ಗೆ ಕೊಟ್ಟರೆ ಆವರೇಜ್ ಅಥವಾ ಕಂಪ್ಲೀಟ್ ಲಿಂಕೇಜ್ (ಗುಂಪು-ಗುಂಪಿನ ನಡುವಿನ ದೂರ ಅಳೆಯುವ ರೀತಿ) ನಡೆಯುತ್ತದೆ. ವಾರ್ಡ್ ಲಿಂಕೇಜ್ ಅಲ್ಲಿ ನಡೆಯುವುದಿಲ್ಲ, ಅದು ಯೂಕ್ಲಿಡ್ ದೂರವನ್ನು ಮಾತ್ರ ಒಪ್ಪುತ್ತದೆ. ಆರ್ ಭಾಷೆ ಗೊತ್ತಿದ್ದರೆ ಹಿಸ್ಟ್‌ಡಾವಾಸ್ ಪ್ಯಾಕೇಜ್ ಇಂಥ ಹಿಸ್ಟೊಗ್ರಾಮ್ ಡೇಟಾಗೇ ಮಾಡಿದ್ದು. ಗುಂಪಿನ ಪ್ರತಿನಿಧಿಯಾಗಿ ಒಂದು ನಿಜವಾದ ಊರಿನ ಹೆಸರೇ ಬೇಕು ಅಂದರೆ ಪ್ಯಾಮ್ ವಿಧಾನ ಹಿಡಿಯಿರಿ. ಮೀಟಿಂಗ್‌ನಲ್ಲಿ "ಮೂರನೇ ಗುಂಪು" ಅಂದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ಗೊತ್ತಿರುವ ಒಂದು ಊರಿನ ಹೆಸರು ಹೇಳಿ "ಇದರಂಥ ಊರುಗಳು" ಎಂದರೆ ಕೂಡಲೇ ಚರ್ಚೆ ಶುರುವಾಗುತ್ತದೆ.

ಮುಂದಿನ ತಿಂಗಳ ಶೀಟ್ ಬರುವ ಮೊದಲು ಎರಡು ಬದಲಾವಣೆ ಕೇಳಿ ನೋಡಿ. ಫ್ಯಾಟ್ ವರ್ಗಗಳನ್ನು ಅರ್ಧರ್ಧ ಅಂಕಿಗೆ ಒಡೆದು ಎಣಿಕೆ ಕೊಡಲಿ, ಎಸ್‌ಎನ್‌ಎಫ್‌ಗೂ ಹಾಗೇ. ಆ ಎಣಿಕೆ ಸದಸ್ಯರದೋ ಅಥವಾ ಸ್ಯಾಂಪಲ್‌ಗಳದೋ ಎಂದು ಶೀಟ್‌ನ ಮೇಲೇ ಬರೆಯಲಿ. ದಿನಕ್ಕೆ ಎರಡು ಸಲ ಹಾಲು ಹಾಕುವವರು ಸ್ಯಾಂಪಲ್ ಲೆಕ್ಕದಲ್ಲಿ ತಿಂಗಳಿಗೆ 60 ಸಲ ಬರುತ್ತಾರೆ, ಸದಸ್ಯರ ಲೆಕ್ಕದಲ್ಲಿ ಒಂದೇ ಸಲ. ಹೆಚ್ಚಿನ ಸಂಘಗಳಲ್ಲಿ ಈಗ ಕಂಪ್ಯೂಟರ್‌ನಲ್ಲೇ ಹಾಲಿನ ಲೆಕ್ಕ ಇರುವುದರಿಂದ ಇದು ಅವರಿಗೆ ಭಾರವೇನಲ್ಲ. ರೈತರ ಹೆಸರು, ಕೋಡ್ ನಂಬರ್ ಯಾವುದೂ ನಿಮ್ಮ ಮೇಜಿಗೆ ಬರುವ ಅಗತ್ಯವೂ ಇಲ್ಲ.